ನಮ್ಮ ಸಹಭೋಜನಕ್ಕೆ ಅಡುಗೆ ಮಾಡಿದವರು

ಹಾಸನದಲ್ಲಿ ಸುಮಾರು ಹದಿನೈದು ವರ್ಷ ನಾನೊಂದು ಹುದ್ದೆಯಲ್ಲಿದ್ದೆ. ಅದಕ್ಕೆ ಸಂಬಳವಿರಲಿಲ್ಲ, ನೇಮಕದ ಪತ್ರವೂ ಇರಲಿಲ್ಲ. ಆದರೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನ್ನ ನಿಜವಾದ ಕೆಲಸಕ್ಕಿಂತ ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ. ಎದುರು ಬಣದವರು ಎಲ್ಲಿ ಸಭೆ ಇಟ್ಟುಕೊಂಡರೂ ಅಲ್ಲಿಗೆ ಹೋಗುವುದು, ಹಿಂದಿನ ಸಾಲಿನಲ್ಲಿ ಕೂರುವುದು, ಭಾಷಣ ಮುಗಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು. ಪ್ರಶ್ನೆ ಎಂಥದಿರಬೇಕೆಂದರೆ, ಅದನ್ನು ಕೇಳಿದ ಮೇಲೆ ಭಾಷಣಕಾರರು ಒಂದು ಲೋಟ ನೀರು ತರಿಸಿಕೊಳ್ಳಬೇಕು. ನೀರು ತರಿಸಿಕೊಂಡರೆ ಆ ದಿನ ನಾವು ಗೆದ್ದಂತೆ.

ಬಣ ಎಂದರೆ ಚುನಾವಣೆಗೆ ನಿಲ್ಲುವ ಪಕ್ಷಗಳಲ್ಲ. ನಾವು ಪ್ರಗತಿಪರರು, ಅವರು ಧರ್ಮ, ಸಂಸ್ಕೃತಿ, ಪರಂಪರೆ ಎನ್ನುವವರು. ತೊಂಬತ್ತರ ದಶಕದಲ್ಲಿ ಹಾಸನ ಜಿಲ್ಲೆಯಲ್ಲಿ ಎರಡೂ ಕಡೆಯವರನ್ನು ಸೇರಿಸಿದರೂ ಒಂದು ಬಸ್ಸು ತುಂಬುತ್ತಿರಲಿಲ್ಲ. ಆದರೂ ದೇಶದ ಹಣೆಬರಹ ನಮ್ಮಿಬ್ಬರ ನಡುವೆ ತೀರ್ಮಾನವಾಗುತ್ತದೆ ಎಂದು ಇಬ್ಬರೂ ನಂಬಿದ್ದೆವು. ಅವರು ದೀಪ ಬೆಳಗಿಸಿ ಸಭೆ ಶುರು ಮಾಡುತ್ತಿದ್ದರು. ದೀಪ ಹಚ್ಚುವುದು ಮೌಢ್ಯವೆಂದು ನಾವು ಕುಂಡದ ಗಿಡಕ್ಕೆ ನೀರು ಹಾಕಿ ಶುರು ಮಾಡುತ್ತಿದ್ದೆವು. ಅಧ್ಯಕ್ಷರು, ಅತಿಥಿಗಳು, ಸ್ವಾಗತ ಮಾಡುವವರು, ವಂದಿಸುವವರು ಎಲ್ಲರೂ ಸರದಿಯ ಮೇಲೆ ಬಂದು ಒಂದೇ ಗಿಡಕ್ಕೆ ನೀರು ಹೊಯ್ದು, ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿಸಿ, ಒಂದು ವರ್ಷದಲ್ಲಿ ಅದು ಬೇರು ಕೊಳೆತು ಸತ್ತಿತು. ಇನ್ನೊಂದು ಗಿಡ ತಂದೆವು.

ಅವರ ಬಣದಲ್ಲೂ ನನ್ನಂಥ ಹುದ್ದೆಯವರೊಬ್ಬರಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರು. ಹೊಳೆನರಸೀಪುರದ ಅರ್ಚಕರ ಮನೆತನ. ಪೂಜೆ ಅಣ್ಣನ ಪಾಲಿಗೆ ಹೋಗಿತ್ತು, ಇವರು ಹಾಸನದಲ್ಲಿ ನೌಕರಿ ಹಿಡಿದಿದ್ದರು. ಭಾನುವಾರಗಳಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗಿ ಪುರಾಣ ಪ್ರವಚನ ಮಾಡುತ್ತಿದ್ದರು. ಹಳ್ಳಿಯವರಿಗೆ ಇವರ ಮಾತೆಂದರೆ ಮಾತು. ಮನೆಯ ಹೊರಗೆ ಎಲ್ಲೂ ಏನೂ ತಿನ್ನುತ್ತಿರಲಿಲ್ಲ. ನೀರೂ ಸಹ ಚೀಲದೊಳಗಿನ ತಂಬಿಗೆಯದೇ. ನಮ್ಮ ಸಭೆಗಳಿಗೆ ತಪ್ಪದೆ ಬಂದು ಮೂರನೇ ಸಾಲಿನಲ್ಲಿ ಕೂತು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಎದ್ದು, ಅಧ್ಯಕ್ಷರ ಅಪ್ಪಣೆಯಾದರೆ ಒಂದು ಸಂದೇಹ ಎನ್ನುತ್ತಿದ್ದರು. ನನ್ನ ಪ್ರಶ್ನೆಗಳು ಅರ್ಧ ಭಾಷಣದಷ್ಟಿರುತ್ತಿದ್ದವು, ಇವರದು ಒಂದೇ ವಾಕ್ಯ. ಆ ವಾಕ್ಯಕ್ಕೆ ನಮ್ಮವರು ನೀರು ತರಿಸಿಕೊಂಡ ಸಲಗಳನ್ನು ನಾನು ನೆನೆಸಿಕೊಳ್ಳಲು ಹೋಗುವುದಿಲ್ಲ.

ಒಮ್ಮೆ ಚನ್ನರಾಯಪಟ್ಟಣದಲ್ಲಿ ನಮ್ಮ ಮುಖ್ಯ ಅತಿಥಿಗಳೂ ಬರಲಿಲ್ಲ, ಜನರೂ ಬರಲಿಲ್ಲ. ಕೇಳುಗರ ಕುರ್ಚಿಗಳಲ್ಲಿ ಮೇಷ್ಟ್ರು ಒಬ್ಬರೇ. ಹಾಲಿಗೆ ಬಾಡಿಗೆ ಕೊಟ್ಟಾಗಿತ್ತು, ಬಿಡುವುದುಂಟೇ? ಅವರೊಬ್ಬರನ್ನೇ ಉದ್ದೇಶಿಸಿ ‘ಬಂಧುಗಳೇ’ ಎಂದು ಮೂರು ಜನ ಭಾಷಣ ಮಾಡಿದೆವು. ಅವರು ಬರೆದುಕೊಂಡರು, ಕೊನೆಗೆ ತಮ್ಮ ಸಂದೇಹವನ್ನು ಕೇಳಿದರು. ವಾಪಸ್ ಬರುವಾಗ ಒಂದೇ ಬಸ್ಸು. ಅವರು ಮುಂದೆ ಕೂತರು, ನಾನು ಹಿಂದೆ ಕೂತೆ. ಅಷ್ಟು ವರ್ಷ ಒಂದೇ ಬಸ್ಸುಗಳಲ್ಲಿ ಓಡಾಡಿದರೂ ಸಭೆಯ ಹೊರಗೆ ನಾವಿಬ್ಬರೂ ಮಾತಾಡಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಈ ಜಿದ್ದಿನ ನಡುವೆ ಸಿಕ್ಕಿ ಒಬ್ಬ ಹೆಣ್ಣುಮಗಳ ಕೆಲಸ ಇನ್ನೇನು ಹೋಗುವುದರಲ್ಲಿತ್ತು. ಅದು ಹೋಗುವಂತಾಗಲು ನನ್ನ ಕೈಲಾದಷ್ಟು ನಾನೂ ಶ್ರಮಿಸಿದ್ದೆ. ಆಕೆಗೆ ಸಹಾಯ ಮಾಡುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡೇ ಶ್ರಮಿಸಿದ್ದೆ.

ಎರಡು ಸಾವಿರದ ಇಸವಿ ದಾಟಿ, ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಕಾಲ. ದುದ್ದದ ಕಡೆಯ ಒಂದು ಹಳ್ಳಿಯಲ್ಲಿ ಕಾಲೋನಿಯ ಹೆಂಗಸೊಬ್ಬಳನ್ನು ಮುಖ್ಯ ಅಡುಗೆಯವಳಾಗಿ ನೇಮಿಸಿದ್ದರು. ಗಂಡ ತೀರಿಕೊಂಡಿದ್ದ. ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಕೂಲಿಗೆ ಕರೆದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂಥ ಬದುಕಿನಲ್ಲಿ ತಿಂಗಳು ತಿಂಗಳಿಗೆ ಬರುವ ಮೊದಲ ಕೆಲಸ ಅದು. ಆಕೆ ಸೌಟು ಹಿಡಿದ ದಿನದಿಂದ ಊರೊಳಗಿನ ಮನೆಗಳ ಮಕ್ಕಳು ಬಿಸಿಯೂಟಕ್ಕೆ ಕೂರುವುದನ್ನು ಬಿಟ್ಟರು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಗಲಾಟೆಯಿಲ್ಲ, ಬೈಗುಳವಿಲ್ಲ. ಮಕ್ಕಳ ಕೈಗೆ ಟಿಫನ್ ಡಬ್ಬಿ ಬಂತು, ಅಷ್ಟೇ. ದಿನವೂ ಅನ್ನ ಮಿಗುತ್ತಿತ್ತು. ಊಟಕ್ಕೆ ಕೂರುವವರೇ ಇಲ್ಲದಿದ್ದರೆ ತಿಂಗಳ ಕೊನೆಗೆ ಶಾಲೆಯ ಸಮಿತಿ ಸೇರಿ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ಆಕೆಗೆ ಮೊದಲೇ ಹೇಳಿಬಿಟ್ಟಿದ್ದರು.

ಆಕೆ ತನ್ನ ತಮ್ಮನನ್ನು ಕರೆದುಕೊಂಡು ನಮ್ಮ ರೂಮಿಗೆ ಬಂದಳು. ಹಾಸನದಲ್ಲಿ ಒಂದು ಸೈಕಲ್ ಶಾಪಿನ ಮೇಲಿದ್ದ ಆ ರೂಮನ್ನು ನಾವು ಕಚೇರಿ ಎನ್ನುತ್ತಿದ್ದೆವು. ವಿಷಯವನ್ನೆಲ್ಲ ತಮ್ಮನೇ ಹೇಳಿದ. ನಾವು ಆರು ಜನ ಕೇಳಿಸಿಕೊಂಡು, ಇದು ವ್ಯವಸ್ಥೆಯ ಕ್ರೌರ್ಯವೆಂದು ಒಬ್ಬರಾದ ಮೇಲೊಬ್ಬರು ಆಕೆಗೇ ವಿವರಿಸಿದೆವು. ಆಕೆ ಕಾದಳು. ನಾವೆಲ್ಲ ಮುಗಿಸಿದ ಮೇಲೆ ತಾನೇ ಮಾತಾಡಿದಳು.

“ಯಾರಾದ್ರೂ ಬಂದು ಉಂಡ್ರೆ ಸಾಕು ಸಾ. ನಾನ್ ಮಾಡಿದ್ದ ಊರೋರೆದುರಿಗೆ ಕುಂತು ಉಣ್ಬೇಕು. ಅಷ್ಟೇಯ.”

ಇಷ್ಟು ಸ್ಪಷ್ಟವಾದ ಮಾತು ನಮ್ಮ ರೂಮಿನಲ್ಲಿ ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ. ಹಾಗಾಗಿ ನಮಗೆ ಅರ್ಥವಾಗಲಿಲ್ಲ. ನಮ್ಮ ಕಿವಿಗೆ ಬಿದ್ದದ್ದು ‘ಕಾರ್ಯಕ್ರಮ’ ಎಂದು. ಆಕೆ ಮೆಟ್ಟಿಲಿಳಿಯುವ ಮೊದಲೇ ಕಾರ್ಯಕ್ರಮದ ಹೆಸರಿನ ಮೇಲೆ ಚರ್ಚೆ ಶುರುವಾಗಿತ್ತು. ಸಹಭೋಜನ ಎನ್ನಬೇಕೋ ಸಮತಾ ಭೋಜನ ಎನ್ನಬೇಕೋ ಎಂದು ನಾಲ್ಕು ದಿನ ಜಗಳವಾಡಿದೆವು. ಅಷ್ಟರಲ್ಲಿ ಯಾರೋ, ಮೇಷ್ಟ್ರು ಬಂದೇ ಬರುತ್ತಾರೆ, ಯಾವ ಸಂದೇಹ ಕೇಳಬಹುದು ಎಂದರು. ಅಲ್ಲಿಂದ ಮುಂದಿನ ಐದು ದಿನ ನಾವು ಆ ಹೆಣ್ಣುಮಗಳನ್ನು ಪೂರ್ತಿ ಮರೆತು ಮೇಷ್ಟ್ರಿಗೆ ತಯಾರಾದೆವು. ಶಾಸ್ತ್ರ, ಸ್ಮೃತಿ, ಸಂವಿಧಾನ ಎಲ್ಲದರಿಂದಲೂ ಸಾಲುಗಳನ್ನು ಹುಡುಕಿ ಚೀಟಿ ಮಾಡಿ ಇಟ್ಟುಕೊಂಡೆವು. ಯಾವ ಪ್ರಶ್ನೆ ಬಂದರೂ ಉತ್ತರ ಜೇಬಿನಲ್ಲಿತ್ತು.

ಊಟದ ವ್ಯವಸ್ಥೆ ನನ್ನ ಪಾಲಿಗೆ ಬಂತು. ಮೈಸೂರಿನಿಂದ ಅತಿಥಿಗಳು, ನಾಲ್ಕು ತಾಲ್ಲೂಕಿನ ಕಾರ್ಯಕರ್ತರು, ಪತ್ರಕರ್ತರು, ಊರವರು, ಎಲ್ಲ ಸೇರಿ ಇನ್ನೂರು ಜನವಾಗುತ್ತಾರೆ ಎಂದು ಅಂದಾಜು. ಇಷ್ಟು ಜನಕ್ಕೆ ಆಕೆಯೊಬ್ಬಳು ಹೇಗೆ ಬೇಯಿಸಿ ಹಾಕುತ್ತಾಳೆ, ಪಾಪ. ಅದೂ ಅಲ್ಲದೆ ಆಕೆಗೆ ವೇದಿಕೆಯ ಮೇಲೆ ಸನ್ಮಾನವಿದೆ. ಸನ್ಮಾನ ಮಾಡಿಸಿಕೊಳ್ಳುವವರು ಒಲೆ ಮುಂದೆ ಕೂತಿರಲಾದೀತೇ? ಸಭೆಯಲ್ಲಿ ಹೀಗೆಂದು ನಾನೇ ಕೇಳಿದೆ. ಎಲ್ಲರೂ ತಲೆಯಾಡಿಸಿದರು. ನನ್ನ ಮಾನವೀಯತೆಯನ್ನು ಒಬ್ಬರು ಮೆಚ್ಚಿಯೂ ಮೆಚ್ಚಿದರು.

ಆಗ ನನಗೆ ನೆನಪಾದವರು ನನ್ನ ತಮ್ಮನ ಮದುವೆಗೆ ಅಡುಗೆ ಮಾಡಿದ್ದ ಹೊಳೆನರಸೀಪುರದ ಭಟ್ಟರು. ಅವರ ಪುಳಿಯೋಗರೆಯನ್ನು ತಿಂದವರು ಆಯುಷ್ಯಪೂರ್ತಿ ಮರೆಯುವುದಿಲ್ಲ. ಫೋನು ಮಾಡಿದೆ, ಒಪ್ಪಿಕೊಂಡರು. ಅಡುಗೆಗೆ ಮರೆಯಾದ ಒಂದು ಜಾಗ ಬೇಕು, ಜನ ನುಗ್ಗಬಾರದು ಎಂದರು. ಆಗಲಿ ಎಂದೆ. ಈಗ ಇದನ್ನು ಓದುವವರಿಗೆ ನಾನು ಕಟ್ಟುಕತೆ ಹೇಳುತ್ತಿದ್ದೇನೆ ಎನ್ನಿಸಬಹುದು. ಆಣೆ ಪ್ರಮಾಣಗಳಲ್ಲಿ ನನಗೆ ನಂಬಿಕೆಯಿಲ್ಲ, ಇದ್ದಿದ್ದರೆ ಈ ಜಾಗದಲ್ಲಿ ಒಂದು ಆಣೆ ಇಡುತ್ತಿದ್ದೆ. ನಾವು ಆರೂ ಜನ ಓದಿಕೊಂಡವರು. ಜಾತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಶಾಮಿಯಾನ ಎದ್ದಿತು. ಕಟ್ಟಡದ ಹಿಂದೆ ಭಟ್ಟರ ತಂಡ ಒಲೆ ಹೂಡಿತು. ಅವರ ಕೋರಿಕೆಯಂತೆ ಅಡುಗೆಯ ಜಾಗಕ್ಕೆ ಟಾರ್ಪಾಲಿನ ಮರೆ ಮಾಡಿಸಿ, ಸುತ್ತ ಗೂಟ ಹೊಡೆಸಿ, ನಾನೇ ನಿಂತು ಹಗ್ಗ ಕಟ್ಟಿಸಿದೆ. ಒಳಗೆ ಹೋಗಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಆ ಅಡುಗೆಯ ಹೆಣ್ಣುಮಗಳು ಸೆರಗು ಕಟ್ಟಿಕೊಂಡು, ಮನೆಯಿಂದ ಈಳಿಗೆಮಣೆಯನ್ನೂ ತಂದು, ತರಕಾರಿ ಹೆಚ್ಚಲು ಹಗ್ಗದ ಹತ್ತಿರ ಬಂದಳು. ನಾನು ಓಡಿಹೋಗಿ ತಡೆದೆ. ನೀವು ಈ ದಿನ ಅತಿಥಿಗಳು, ಅಲ್ಲಿಗೆ ಹೋಗಬಾರದು ಎಂದು ಅತ್ಯಂತ ಗೌರವದಿಂದ ಹೇಳಿದೆ. ಆಕೆ ಹಗ್ಗವನ್ನು ನೋಡಿದಳು, ಒಳಗಿದ್ದವರನ್ನು ನೋಡಿದಳು, ನನ್ನ ಮುಖವನ್ನೂ ನೋಡಿದಳು. ಈಳಿಗೆಮಣೆಯನ್ನು ತಮ್ಮನ ಕೈಗೆ ಕೊಟ್ಟು ಮನೆಗೆ ಕಳಿಸಿ ಶಾಮಿಯಾನದ ಕೆಳಗೆ ಹೋಗಿ ಕೂತಳು.

ಅರಕಲಗೂಡಿನ ಹತ್ತಿರದ ನಮ್ಮೂರಿನ ಮನೆಯಲ್ಲಿ ನಮ್ಮವ್ವ ಆಳುಗಳಿಗೆಂದು ಒಂದು ಲೋಟವನ್ನು ಬೇರೆ ಇಟ್ಟಿದ್ದಳು. ಅದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿರುತ್ತಿತ್ತು. ನನ್ನ ಭಾಷಣಗಳಲ್ಲಿ ಬೇರೆಯವರ ಮನೆಗಳ ಲೋಟಗಳೆಲ್ಲ ಬರುತ್ತಿದ್ದವು, ಅದೊಂದು ಬರುತ್ತಿರಲಿಲ್ಲ. ಆ ದಿನ ಹಗ್ಗದ ಪಕ್ಕದಲ್ಲಿ ನಿಂತಿದ್ದಾಗಲೂ ಅದು ನನಗೆ ನೆನಪಾಗಲಿಲ್ಲ ಎಂಬುದೇ ನನಗೆ ಈಗ ಹೆಚ್ಚು ನಾಚಿಕೆ ತರುವ ಸಂಗತಿ.

ಗಿಡಕ್ಕೆ ನೀರು ಬಿತ್ತು. ಹಾಡಾಯಿತು. ಮೈಸೂರಿನ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಆಕೆಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿದೆವು. ಊರೊಳಗಿನವರು ಶಾಲೆಯ ಗೋಡೆಯಾಚೆ ಗುಂಪಾಗಿ ನಿಂತು ನೋಡುತ್ತಿದ್ದರು, ಒಬ್ಬರೂ ಒಳಗೆ ಬಂದಿರಲಿಲ್ಲ. ಮೂರನೇ ಸಾಲಿನಲ್ಲಿ ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ನಾನು ಜೇಬಿನ ಚೀಟಿಗಳನ್ನು ಮುಟ್ಟಿ ನೋಡಿಕೊಂಡೆ. ವಂದನಾರ್ಪಣೆಗೆ ಮೊದಲು ಅವರು ಎದ್ದರು.

“ಅಧ್ಯಕ್ಷರ ಅಪ್ಪಣೆಯಾದರೆ ಒಂದು ಸಂದೇಹ. ಈ ದಿನದ ಅಡುಗೆ ಮಾಡಿದವರು ಯಾರು?”

ನನ್ನ ಚೀಟಿಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಶಾಮಿಯಾನದ ಕಂಬವನ್ನು ನೋಡಿದೆ. ಆ ಒಂದು ಕ್ಷಣದಲ್ಲಿ ನಾವೇನು ಮಾಡಿದ್ದೇವೆಂಬುದು ಆರೂ ಜನರಿಗೆ ಒಟ್ಟಿಗೇ ತಿಳಿಯಿತು. ಯಾರಾದರೂ ಮಾತಾಡಿ ವಿಷಯ ತೇಲಿಸುವ ಮೊದಲೇ, ಊಟಕ್ಕೆ ಏಳಬಹುದೆಂದು ಹೇಳಲು ಬಂದಿದ್ದ ಭಟ್ಟರು ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಸಂತೋಷವಾಗಿ ಉತ್ತರ ಕೊಟ್ಟರು. ನಾವೇ ಸ್ವಾಮಿ, ಹೊಳೆನರಸೀಪುರದವರು, ಗುರುತು ಸಿಗಲಿಲ್ಲವೇ, ನಿಮ್ಮಣ್ಣನ ಮಗಳ ಮದುವೆಗೂ ನಾವೇ ಬಂದಿದ್ದೆವಲ್ಲ ಎಂದರು. ಮೇಷ್ಟ್ರು, ಸಂದೇಹ ಪರಿಹಾರವಾಯಿತು ಎಂದು ಕೂತರು. ಮೈಸೂರಿನ ಅತಿಥಿಗಳು ಒಂದು ಲೋಟ ನೀರು ಕೇಳಿದರು.

ಅವಮಾನ ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಗೋಡೆಯಾಚೆಗಿದ್ದವರಿಗೆ ಭಟ್ಟರ ಮಾತು ಕೇಳಿಸಿತ್ತು. ಅಡುಗೆ ಹೊಳೆನರಸೀಪುರದವರದಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಹೆಂಗಸರು ಮಕ್ಕಳೆಲ್ಲ ಗೇಟು ತೆಗೆದುಕೊಂಡು ಒಳಗೆ ಬಂದರು. ಪಂಕ್ತಿಯ ಮೇಲೆ ಪಂಕ್ತಿ ಕೂತರು. ಪುಳಿಯೋಗರೆ ಎರಡನೇ ಸಲ, ಮೂರನೇ ಸಲ ಹಾಕಿಸಿಕೊಂಡರು. ಮರುದಿನ ಹಾಸನದ ಪತ್ರಿಕೆಯಲ್ಲಿ ಊರೆಲ್ಲ ಒಂದಾಗಿ ಉಂಡಿತೆಂದು ಸುದ್ದಿ ಬಂತು. ನಮ್ಮ ಅಧ್ಯಕ್ಷರು ಅದನ್ನು ಕತ್ತರಿಸಿ ಫೈಲಿಗೆ ಹಾಕಿದರು. ಆ ಭಾನುವಾರ ಆಕೆ ಮಾತ್ರ ಊಟಕ್ಕೆ ಕೂರಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ನಾನು ನಿಂತಿದ್ದೆ. ಸ್ವಲ್ಪ ದೂರದಲ್ಲಿ ಮೇಷ್ಟ್ರು ತಮ್ಮ ತಂಬಿಗೆಯ ನೀರು ಕುಡಿಯುತ್ತಿದ್ದರು. ಭಟ್ಟರ ಅಡುಗೆಯನ್ನೂ ಅವರು ಮುಟ್ಟಿರಲಿಲ್ಲ, ಮಡಿಯಲ್ಲಿ ಮಾಡಿದ್ದಲ್ಲವೆಂದು. ಹೆಗಲ ಮೇಲೆ ನಮ್ಮ ಶಾಲು ಇದ್ದ ಹಾಗೆಯೇ ಆಕೆ ಬಂದಳು. ನಾಳೆ ಸೋಮವಾರ, ಎಂದಿನಂತೆ ತಾನೇ ಅಡುಗೆ ಮಾಡುತ್ತೇನೆ, ಬಂದು ಉಣ್ಣಿ ಎಂದು ನನಗೆ ಹೇಳಿದಳು. ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದರು. ಅವರೆದುರು ಇಲ್ಲ ಎನ್ನುವುದು ಹೇಗೆ? ಬರುತ್ತೇನೆ ಎಂದೆ. ಆಕೆ ಅವರ ಕಡೆ ತಿರುಗಿದಳು.

“ಇವ್ರು ಬತ್ತಾರಂತೆ ಸ್ವಾಮಿ. ನೀವು ಬರಾಕಿಲ್ವಾ?”

ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇವರು ಬಂದದ್ದೇ ಆದರೆ ನೋಡೋಣ ಎಂದರು. ಆ ‘ಆದರೆ’ಯನ್ನು ಅವರು ಎಷ್ಟು ಒತ್ತಿ ಹೇಳಿದರೆಂದರೆ, ನನ್ನ ಕಿವಿ ಬಿಸಿಯಾಯಿತು.

ರಾತ್ರಿಯೆಲ್ಲ ಹೋಗದಿರಲು ಕಾರಣ ಹುಡುಕಿದೆ. ಬೇಕಾದಷ್ಟು ಸಿಕ್ಕವು. ಸೋಮವಾರ ನನಗೆ ಮೂರು ತರಗತಿಗಳಿದ್ದವು. ಸಂಜೆ ಚನ್ನರಾಯಪಟ್ಟಣದಲ್ಲಿ ಇದೇ ವಿಷಯದ ಮೇಲೆ ನನ್ನ ಉಪನ್ಯಾಸವಿತ್ತು, ಅದಕ್ಕೆ ತಯಾರಾಗಬೇಕಿತ್ತು. ಅಲ್ಲದೆ ಊರವರ ಮುಖ ನೋಡಲು ಹಿಂಜರಿಕೆಯಾಗುತ್ತಿತ್ತು. ಬೆಳಿಗ್ಗೆ ಕಾಲೇಜಿಗೆ ಹೊರಟವನಿಗೆ ದಾರಿಯಲ್ಲಿ ಒಂದು ಯೋಚನೆ ಬಂತು. ಒಂದು ವೇಳೆ ಮೇಷ್ಟ್ರು ಹೋಗಿ ನಾನು ಹೋಗದಿದ್ದರೆ? ಸಂಜೆ ಅವರು ಚನ್ನರಾಯಪಟ್ಟಣದಲ್ಲಿ ಮೂರನೇ ಸಾಲಿನಿಂದ ಎದ್ದು ಅಪ್ಪಣೆ ಕೇಳುವುದು ಕಣ್ಣಿಗೆ ಕಟ್ಟಿತು. ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ದುದ್ದದ ಬಸ್ಸು ನಿಲ್ಲುವ ಜಾಗದಲ್ಲಿ ಮೇಷ್ಟ್ರು ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಇಳಿಯಿತು. ಅವರನ್ನು ಕಂಡು ನನ್ನದೂ ಇಳಿದಿರಬೇಕು. ಬಸ್ಸು ತುಂಬಿತ್ತು, ಉಳಿದದ್ದು ಒಂದೇ ಸೀಟು, ಇಬ್ಬರು ಕೂರುವಂಥದು. ಹೀಗೆ ಹದಿನೈದು ವರ್ಷಗಳಲ್ಲಿ ಮೊದಲ ಸಲ ನಾವು ಪಕ್ಕಪಕ್ಕದಲ್ಲಿ ಕೂತೆವು.

ಊರು ದಾಟಿದ ಮೇಲೆ ಅವರೇ ಮಾತು ತೆಗೆದರು. ಉಪನಯನವಾದ ಮೇಲೆ ತಾವು ಹೊರಗಿನ ಅನ್ನ ಮುಟ್ಟಿಲ್ಲವೆಂದೂ, ಮನೆಯಲ್ಲಿ ಹೆಂಡತಿಗೆ ಹೇಳದೆ ಬಂದಿರುವುದಾಗಿಯೂ, ನಾನು ಬಸ್ ಸ್ಟ್ಯಾಂಡಿಗೆ ಬರದಿದ್ದರೆ ಪಾಠ ಮಾಡಲು ತಮ್ಮ ಹೈಸ್ಕೂಲಿಗೇ ಹೋಗಿಬಿಡುತ್ತಿದ್ದುದಾಗಿಯೂ ಹೇಳಿದರು. ನೀವು ಇರದಿದ್ದರೆ ನಾನೂ ಅಷ್ಟೇ ಎಂದೆ. ಅವರು ಮೆಲ್ಲನೆ, “ಇಬ್ಬರೂ ದುದ್ದದಲ್ಲಿಳಿದು ಎದುರಿಂದ ಬರೋ ಬಸ್ಸು ಹತ್ತಿಬಿಟ್ಟರೆ ಯಾರಿಗೂ ಗೊತ್ತಾಗೋದಿಲ್ಲ, ಅಲ್ವೇ?” ಎಂದರು.

ನಾನು ಸಿಟ್ಟಿನಿಂದ ಉತ್ತರಿಸಬೇಕಿತ್ತು. ಬದಲಿಗೆ ಎಂಥ ನಿರಾಳವಾಯಿತೆಂದರೆ, ಅವರ ಕೈ ಕುಲುಕಬೇಕೆನ್ನಿಸಿತು. ಗೊತ್ತಾಗುವುದು ಯಾರಿಗೆಂದು ಇಬ್ಬರಿಗೂ ತಿಳಿದಿತ್ತು. ಶಾಲೆಯ ಒಲೆಯ ಮುಂದೆ ಆಕೆ ಈಗ ಅಕ್ಕಿ ತೊಳೆದು ಹಾಕಿರುತ್ತಾಳೆ, ರಸ್ತೆಯ ಕಡೆ ನೋಡುತ್ತಿರುತ್ತಾಳೆ. ಅಷ್ಟು ಗೊತ್ತಿದ್ದೂ ನಾನು ಹೂಂ ಎಂದೆ. ದುದ್ದದಲ್ಲಿ ಇಬ್ಬರೂ ಇಳಿದೆವು. ಎದುರಿನ ಬಸ್ಸೂ ಬಂತು. ಮೇಷ್ಟ್ರು ನೀವು ಹತ್ತಿ ಎಂದರು. ನೀವು ಹಿರಿಯರು, ಮೊದಲು ನೀವು ಎಂದೆ. ಅವರು ಹತ್ತಿದರೆ ನಾನು ಕೆಳಗುಳಿದು ಹಳ್ಳಿಗೆ ಹೋಗಿಬಿಡುತ್ತೇನೆ ಎಂದು ಅವರಿಗೆ ಅನುಮಾನ. ನಾನು ಹತ್ತಿದರೆ ಅವರು ಹಾಗೆ ಮಾಡುತ್ತಾರೆಂದು ನನಗೆ ಅನುಮಾನ. ಕಂಡಕ್ಟರ್ ನಮ್ಮಿಬ್ಬರನ್ನೂ ಬೈದು ಸೀಟಿ ಊದಿದ. ಬಸ್ಸು ಹೋಯಿತು. ಇಬ್ಬರೂ ತಲೆ ತಗ್ಗಿಸಿಕೊಂಡು ಹಳ್ಳಿಯ ದಾರಿ ಹಿಡಿದೆವು.

ನಾವು ಗೇಟು ದಾಟುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ಜಗಲಿಯ ಒಂದು ಕಡೆ ಕಾಲೋನಿಯ ಏಳೆಂಟು ಮಕ್ಕಳು ತಟ್ಟೆ ಇಟ್ಟುಕೊಂಡು ಕೂತಿದ್ದವು. ಇನ್ನೊಂದು ಕಡೆ ಊರೊಳಗಿನ ಮಕ್ಕಳು ಡಬ್ಬಿ ಬಿಚ್ಚುತ್ತಿದ್ದವು. ಆಕೆ ನಮ್ಮನ್ನು ನೋಡಿ, ಬನ್ನಿ ಎಂದಷ್ಟೇ ಹೇಳಿ, ಮಕ್ಕಳ ಸಾಲಿನಲ್ಲೇ ಎರಡು ತಟ್ಟೆ ಹಾಕಿದಳು. ಪ್ರವಚನದ ಸ್ವಾಮಿಗಳು ಬಂದಿದ್ದಾರೆ ಎಂಬ ಸುದ್ದಿ ಹೇಗೋ ಹಬ್ಬಿ, ಗೋಡೆಯಾಚೆ ಒಬ್ಬೊಬ್ಬರೇ ಬಂದು ನಿಂತರು. ಹೆಡ್‌ಮಾಸ್ಟರು ಕುರ್ಚಿ ತರಿಸಲು ಹೋದರು. ಮೇಷ್ಟ್ರು ಬೇಡವೆಂದು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು.

ಅನ್ನ, ಬೇಳೆ ಸೊಪ್ಪಿನ ಸಾರು. ನಾನು ಕಲಸಿ ಉಣ್ಣಲು ಶುರುಮಾಡಿ, ಎಲ್ಲರಿಗೂ ಕಾಣುವ ಹಾಗೆ ದೊಡ್ಡ ದೊಡ್ಡ ತುತ್ತು ಎತ್ತಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಪಕ್ಕದ ತಟ್ಟೆಯ ಮೇಲಿತ್ತು. ಮೇಷ್ಟ್ರು ತಂಬಿಗೆಯಿಂದ ಅಂಗೈಗೆ ನೀರು ಬಗ್ಗಿಸಿ ತಟ್ಟೆಯ ಸುತ್ತ ಬಿಟ್ಟರು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಇದನ್ನು ಮುಂದಿನ ಭಾಷಣದಲ್ಲಿ ಬಳಸಿಕೊಳ್ಳಬಹುದು ಎಂದು ನನ್ನ ಬುದ್ಧಿ ಆಗಲೂ ಲೆಕ್ಕ ಹಾಕಿತು. ಅವರ ಕೈ ಅನ್ನದ ಮೇಲೆ ಹೋಗಿ ನಿಂತಿತು. ಆಕೆ ಸೌಟು ಹಿಡಿದು ಎದುರಿಗೇ ನಿಂತಿದ್ದಳು. ನಾನೂ ಉಣ್ಣುವುದನ್ನು ನಿಲ್ಲಿಸಿದೆ. ಎಷ್ಟೋ ವರ್ಷಗಳಿಂದ ಈ ಮನುಷ್ಯ ಸೋಲಲಿ ಎಂದು ಬಯಸಿದ್ದವನು, ದೇವರೆಂಬುದಿದ್ದರೆ ಇವರು ಒಂದು ತುತ್ತು ಉಣ್ಣಲಿ ಎಂದುಕೊಂಡೆ.

ಉಂಡರು. ಮೊದಲ ತುತ್ತು ನುಂಗಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಅಷ್ಟು ಹಿಡಿಯಲಿಲ್ಲ. ನಾಲ್ಕನೆಯದಾದ ಮೇಲೆ ತಲೆಯೆತ್ತಿ ಆಕೆಯನ್ನು ನೋಡಿದರು.

“ಉಪ್ಪು ಹದವಾಗಿದೆಯಮ್ಮ. ಇನ್ನೊಂದು ಸೌಟು ಸಾರು ಹಾಕು.”

ಗೋಡೆಯಾಚೆಯಿಂದ ಮುದುಕನೊಬ್ಬ ತನ್ನ ಮೊಮ್ಮಗಳನ್ನು ಹೆಸರು ಹಿಡಿದು ಕರೆದು, ಸ್ವಾಮಿಗಳೇ ಉಣ್ಣುತ್ತಿದ್ದಾರಲ್ಲ, ನೀನೂ ಹಾಕಿಸಿಕೊ ಎಂದ. ಆ ಹುಡುಗಿ ಡಬ್ಬಿಯನ್ನೇ ಹಿಡಿದುಕೊಂಡು ಬಂದು ಸಾರು ಹಾಕಿಸಿಕೊಂಡಳು. ಅವಳ ಹಿಂದೆ ಮತ್ತಿಬ್ಬರು ಬಂದರು, ಅವರನ್ನು ನೋಡಿ ಇನ್ನಷ್ಟು ಮಕ್ಕಳು ಬಂದವು. ಎಲ್ಲ ಮಕ್ಕಳೂ ಬರಲಿಲ್ಲ. ಒಂದು ಹೆಂಗಸು ತನ್ನ ಮಗನ ರೆಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಆದರೂ ಹೆಡ್‌ಮಾಸ್ಟರು ಅಂದಿನ ಊಟದ ಹಾಜರಿಯಲ್ಲಿ ಹನ್ನೆರಡು ಮಕ್ಕಳನ್ನು ಹೆಚ್ಚಾಗಿ ಬರೆದುಕೊಂಡರು. ತಿಂಗಳ ಕೊನೆಯ ಸಮಿತಿಯಲ್ಲಿ ಆಕೆಯನ್ನು ತೆಗೆಯುವ ಮಾತು ಎತ್ತಲು ಯಾರಿಗೂ ಬಾಯಿ ಬರಲಿಲ್ಲವೆಂದೂ, ಆಕೆ ಅದೇ ಕೆಲಸದಲ್ಲಿ ಉಳಿದಳೆಂದೂ ನನಗೆ ಆಮೇಲೆ ತಿಳಿಯಿತು.

ಆ ಸೋಮವಾರ ಮಾತ್ರ ನನಗೆ ಒಂದೇ ಸಂಭ್ರಮ. ನಾನು ಬಂದದ್ದರಿಂದಲ್ಲವೇ ಇದೆಲ್ಲ ಆದದ್ದು. ಮೇಷ್ಟ್ರು ಗೇಟಿನ ಹತ್ತಿರ ಊರವರೊಂದಿಗೆ ಮಾತಾಡುತ್ತ ನಿಂತಿದ್ದರು. ನಾನು ನನ್ನ ತಟ್ಟೆಯನ್ನು ನಾನೇ ತೊಳೆದು, ಅದನ್ನು ಆಕೆ ನೋಡಲಿ ಎಂದು ಕೈಯಲ್ಲೇ ಹಿಡಿದುಕೊಂಡು ಹೋಗಿ, ಒಂದು ಪುಟ್ಟ ಭಾಷಣ ಮಾಡಿದೆ. ಹೆದರಬೇಡಿ, ಎಲ್ಲರೆದುರು ಕೂತು ಉಂಡಿದ್ದೇನೆ, ನಿಮ್ಮ ಬೆನ್ನ ಹಿಂದೆ ನಾವಿದ್ದೇವೆ ಎಂದು ಹೇಳಿದೆ. ನಿನ್ನೆಯ ಭಟ್ಟರ ವಿಷಯಕ್ಕೆ ಕ್ಷಮೆಯನ್ನೂ ಕೇಳಿದೆ, ಒಂದು ವಾಕ್ಯದಲ್ಲಿ, ಅವಸರವಾಗಿ. ಆಕೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು.

“ನೀವು ಎಲ್ಲಾರ್ ಮನೇಲೂ ಉಣ್ತೀರಿ ಸಾ. ನೀವು ಉಂಡ್ರೆ ಈ ಊರಲ್ಲಿ ಯಾರೂ ಲೆಕ್ಕುಕ್ ಇಡಾಕಿಲ್ಲ. ಅವ್ರು ಉಣ್ಬೇಕಾಗಿತ್ತು. ನೀವು ಬತ್ತೀನಿ ಅಂದ್ರೆ ಅಟಕ್ಕಾದ್ರೂ ಅವ್ರು ಬತ್ತಾರೆ ಅಂತವ ನಿಮ್ಮುನ್ನ ಕರ್ದೆ.”

ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಆಕೆ ಗೇಟಿನ ಕಡೆ ನೋಡಿ, ದನಿ ತಗ್ಗಿಸಿ ಮತ್ತೆ ಹೇಳಿದಳು.

“ಅವ್ರು ಉಂಡ್ಮ್ಯಾಲೇನೇ ನನ್ನ ಅನ್ನ ಇವ್ರ್‌ಗೆ ಅನ್ನ ಆಗಾದು ಅಂದ್ರೆ ನಂಗೂ ವಟ್ಟೆ ಉರೀತದೆ ಸಾ. ಆದ್ರೆ ನಂಗೆ ಈ ಕೆಲ್ಸ ಬೇಕು.”

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಅದು ಆಕೆಯ ಮೇಲಲ್ಲ. ಏನಾದರೂ ಹೇಳಲೇಬೇಕು ಎಂಬ ಚಟಕ್ಕೆ ಬಿದ್ದವನು ನಾನು. ನಾಳೆಯೂ ಬರಬೇಕೇನಮ್ಮ ಎಂದು ಕೇಳಿದೆ. ಆಕೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಅದನ್ನು ಇನ್ನೊಂದು ಸಲ ತೊಳೆದು, ಉಳಿದ ತಟ್ಟೆಗಳ ಜೊತೆ ಕವುಚಿ ಹಾಕಿದಳು.

“ಅವ್ರು ಬರಾದಾದ್ರೆ ಬನ್ನಿ ಸಾ” ಎಂದಳು.